ಬರಗಾಲದಲ್ಲಿ ಅನಾಥೆಯಾದ ರಮಾಬಾಯಿ: ಸಾವಿರಾರು ಹೆಣ್ಣುಮಕ್ಕಳ ಕೈಗೆ ಕಸುಬು ಕೊಟ್ಟ ಮಾಳ ಮನೆತನದ ಪಂಡಿತೆ

ಬಾಲಮಂದಿರದಲ್ಲಿ ಬೆಳೆದ ಮಕ್ಕಳಿಗೆ 18 ವರ್ಷ ತುಂಬಿತು ಅಂದ್ರೆ ಅಲ್ಲಿಂದ ಹೊರಡುವ ಹೊತ್ತು ಬಂತು ಅಂತಲೇ ಲೆಕ್ಕ. ನಮ್ಮ ಮನೆಯ ಮಕ್ಕಳು ಆ ವಯಸ್ಸಿಗೆ ಇನ್ನೂ ಅಪ್ಪನ ಹತ್ರ ಬಸ್ ಚಾರ್ಜ್ ಕೇಳ್ತಿರ್ತಾರೆ. ಆದರೆ ಈ ಮಕ್ಕಳು ರೂಮು, ಕೆಲಸ, ಊಟ ಎಲ್ಲವನ್ನೂ ತಾವೇ ಹುಡುಕಿಕೊಳ್ಳಬೇಕು. ಇದೇ ಕಷ್ಟವನ್ನು ಸುಮಾರು 150 ವರ್ಷದ ಹಿಂದೆ ಸ್ವತಃ ಅನುಭವಿಸಿ, ಅದಕ್ಕೊಂದು ದಾರಿ ಮಾಡಿದವರು ಪಂಡಿತಾ ರಮಾಬಾಯಿ.

ಕಾಡಿನಲ್ಲಿ ಜನನ

ರಮಾಬಾಯಿ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಕಾರ್ಕಳ ತಾಲೂಕಿನ ಮಾಳದ ಮನೆತನದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ಸಂಸ್ಕೃತ ಯಾಕೆ ಅಂತ ಜನ ತಕರಾರು ತೆಗೆದರೂ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದರು. ಅಲ್ಲೇ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು.

ಮಗುವಿಗೆ ಆರು ತಿಂಗಳಿರುವಾಗಲೇ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಊರೂರು ಸುತ್ತಿ ಪುರಾಣ ಹೇಳುವುದೇ ಜೀವನವಾಯಿತು. ಮಗಳಿಗೆ ಅಮ್ಮನೇ ಸಂಸ್ಕೃತ ಕಲಿಸಿದರು. ಭಾಗವತದ ಸಾವಿರಾರು ಶ್ಲೋಕಗಳು ಹುಡುಗಿಗೆ ಬಾಯಿಪಾಠವಾದವು.

ವಿದ್ಯೆ ಇತ್ತು, ಕಸುಬು ಇರಲಿಲ್ಲ

1870ರ ದಶಕದಲ್ಲಿ ಬರ ಬಂತು. ಕೈಯಲ್ಲಿದ್ದ ಹಣ, ಪಾತ್ರೆ, ಒಡವೆ ಎಲ್ಲ ಖಾಲಿ. ಮೊದಲು ತಂದೆ ತೀರಿಕೊಂಡರು, ಆಮೇಲೆ ತಾಯಿ, ನಂತರ ಅಕ್ಕ. ಹದಿಹರೆಯದ ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಇಬ್ಬರೇ ಉಳಿದರು.

ಶಾಸ್ತ್ರ ಕಲಿತವರು ಕೂಲಿ ಮಾಡುವುದು ಮರ್ಯಾದೆಗೆ ಕಡಿಮೆ ಅನ್ನುವ ಭಾವನೆ ಆ ಮನೆಯಲ್ಲಿತ್ತು. ಭಿಕ್ಷೆ ಬೇಡಲು ನಾಚಿಕೆ, ದುಡಿಯೋಣ ಅಂದ್ರೆ ಕೆಲಸ ಗೊತ್ತಿಲ್ಲ. ಅಣ್ಣ ತಂಗಿ ನೂರಾರು ಮೈಲಿ ನಡೆದರು. ಉತ್ತರದ ಝೇಲಂ ನದಿ ದಡದಲ್ಲಿ ಚಳಿ ತಡೆಯಲಾಗದೆ ಗುಂಡಿ ತೋಡಿ, ಕತ್ತಿನವರೆಗೂ ಒಣ ಮರಳು ಮುಚ್ಚಿಕೊಂಡು ರಾತ್ರಿ ಕಳೆದರು. ಈ ದಿನಗಳನ್ನು ರಮಾಬಾಯಿ ಮುಂದೆ ತಮ್ಮ ಜೀವನವೃತ್ತಾಂತದಲ್ಲಿ ಬರೆದಿದ್ದಾರೆ.

1878ರಲ್ಲಿ ಇಬ್ಬರೂ ಕಲ್ಕತ್ತಾ ತಲುಪಿದರು. ಆಕೆಯ ಪಾಂಡಿತ್ಯ ಕಂಡು ಅಲ್ಲಿನ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಜಾತಿ ಕಟ್ಟು ಮೀರಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ಮದುವೆಯಾದರು. 1882ರಲ್ಲಿ ಕಾಲರಾ ಅವರನ್ನೂ ಕರೆದುಕೊಂಡು ಹೋಯಿತು. 24ಕ್ಕೂ ಮೊದಲೇ ವಿಧವೆ, ಮಡಿಲಲ್ಲಿ ಪುಟ್ಟ ಮಗಳು ಮನೋರಮಾ.

ಶಾರದಾ ಸದನ

ಮುಂದೆ ಪುಣೆ, ಇಂಗ್ಲೆಂಡ್, ಅಮೆರಿಕ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಸೇರಿದರು. ಭಾರತದ ಬಾಲವಿಧವೆಯರ ಗೋಳನ್ನು ಬರೆದ ಪುಸ್ತಕ 1887ರಲ್ಲಿ ಅಮೆರಿಕದಲ್ಲಿ ಹೊರಬಂತು. ಅಲ್ಲಿನ ಜನ ಸಂಘ ಕಟ್ಟಿ ಹತ್ತು ವರ್ಷ ಹಣ ಕೊಡಲು ಒಪ್ಪಿದರು. ಆ ಬಲದಿಂದ 1889ರ ಮಾರ್ಚ್ 11ರಂದು ಮುಂಬೈಯಲ್ಲಿ 'ಶಾರದಾ ಸದನ' ಶುರುವಾಯಿತು. ಮರುವರ್ಷ ಅದು ಪುಣೆಗೆ ಹೋಯಿತು.

ಬಾಲವಿಧವೆಯರಿಗೆ ಇಲ್ಲಿ ಊಟ, ವಾಸದ ಜೊತೆ ಓದು ಇತ್ತು. ಹೊರಗೆ ಹೋಗಿ ಟೀಚರಾಗಿ ದುಡಿಯುವಷ್ಟು ತಯಾರಿ ಮಾಡಬೇಕು ಅನ್ನುವುದೇ ಗುರಿ. ಮೊದಲು ಬಂದವರಲ್ಲಿ ಒಬ್ಬರು ಗೋದೂಬಾಯಿ. ಅವರು 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮರುಮದುವೆಯಾದರು. ಮೂರು ವರ್ಷದ ನಂತರ ಕರ್ವೆ ವಿಧವೆಯರಿಗಾಗಿಯೇ ಆಶ್ರಮ ತೆರೆದರು. ಅದರ ಕೆಲಸಕ್ಕೆ ಗೋದೂಬಾಯಿ ಹೆಗಲು ಕೊಟ್ಟರು. ಆಸರೆ ಪಡೆದವರೇ ಆಸರೆ ಕೊಡುವವರಾದರು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಸದನದಲ್ಲಿ ಹುಡುಗಿಯರನ್ನು ಮತಾಂತರ ಮಾಡ್ತಾರೆ ಅನ್ನುವ ಆರೋಪ 1893ರಲ್ಲಿ ಜೋರಾಯಿತು. ಬೆಂಬಲಕ್ಕಿದ್ದ ಗಣ್ಯರು ದೂರ ಸರಿದರು. ಅನೇಕ ಪೋಷಕರು ಹೆಣ್ಣುಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು. ಆ ವಾದ ಇವತ್ತಿಗೂ ಮುಗಿದಿಲ್ಲ.

ಕೆಡಗಾಂವ್‌ನ ಮುಕ್ತಿ

1896-97ರಲ್ಲಿ ಮತ್ತೆ ಬರ. ಹಸಿವಿನ ನೆನಪಿದ್ದ ರಮಾಬಾಯಿ ಸುಮ್ಮನೆ ಕೂರಲಿಲ್ಲ. ಮಧ್ಯಪ್ರಾಂತ್ಯಕ್ಕೆ ಹೋಗಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಹತ್ತಿರದ ಕೆಡಗಾಂವ್‌ನಲ್ಲಿ ಜಮೀನಿತ್ತು, ಅಲ್ಲೇ 'ಮುಕ್ತಿ' ಬೆಳೆಯಿತು. 1900ರ ಬರದ ಹೊತ್ತಿಗೆ ಇದ್ದವರ ಸಂಖ್ಯೆ ಸಾವಿರ ದಾಟಿತ್ತು.

ಅಷ್ಟು ಜನರಿಗೆ ಅನ್ನ ಹಾಕುವುದೇ ದೊಡ್ಡದು. ಆದರೆ ಅನ್ನ ಹಾಕಿ ಕೂರಿಸಿದರೆ ಮುಂದೆ ಅವರ ಪಾಡೇನು? ಬೇಸಾಯ, ಹೈನುಗಾರಿಕೆ, ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಮುದ್ರಣ ಎಲ್ಲ ಅಲ್ಲೇ ಕಲಿಸಿದರು. ಕಣ್ಣು ಕಾಣದವರಿಗೆ ಬ್ರೈಲ್ ಓದು, ಬುಟ್ಟಿ ಹೆಣೆಯುವುದು. ರಮಾಬಾಯಿ ಮರಾಠಿಗೆ ಅನುವಾದಿಸಿದ ಬೈಬಲ್‌ಗೆ ಮೊಳೆ ಜೋಡಿಸಿ ಅಚ್ಚು ಹಾಕಿದ್ದೂ ಅಲ್ಲಿನ ಹೆಂಗಸರೇ. ಕೆಲವರು ಶಿಕ್ಷಕಿಯರಾಗಿ ಹೊರಗೆ ಹೋದರು, ಕೆಲವರು ಸಂಸಾರ ಹೂಡಿದರು, ಕೆಲವರು ಅಲ್ಲೇ ಉಳಿದು ಕಿರಿಯರಿಗೆ ಕಲಿಸಿದರು. ಇಷ್ಟು ದಿನಕ್ಕೆ ಹೊರಡಲೇಬೇಕು ಅನ್ನುವ ಗಡುವು ಇರಲಿಲ್ಲ.

ಅಮ್ಮನ ಬಲಗೈಯಾಗಿದ್ದ ಮನೋರಮಾ 1912ರಲ್ಲಿ ನಮ್ಮ ಗುಲ್ಬರ್ಗದಲ್ಲೂ ಶಾಲೆ ತೆರೆದರು. 1921ರಲ್ಲಿ ಮಗಳು ತೀರಿಕೊಂಡರು. ಒಂದು ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು ರಮಾಬಾಯಿಯೂ ಹೋದರು.

ಈಗ ಏನಿದೆ?

2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ 18 ತುಂಬಿ ಸಂಸ್ಥೆಯಿಂದ ಹೊರಡುವವರಿಗೆ ಹಣದ ನೆರವು ಕೊಡಬಹುದು. ಅನುಪಾಲನೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಸಿಗಬಹುದು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ವಿಚಾರಿಸಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

ಆದರೆ 4,000 ರೂಪಾಯಿಯಲ್ಲಿ ಬಾಡಿಗೆ, ಊಟ, ಓದು ಎಲ್ಲ ಸರಿದೂಗಿಸುವುದು ಸುಲಭವಲ್ಲ ಅನ್ನುವುದು ಮನೆ ನಡೆಸುವವರಿಗೆಲ್ಲ ಗೊತ್ತು. ಉಳಿದದ್ದು ಊರಿನವರ ಕೈಯಲ್ಲಿದೆ. ಅಪ್ಪ ಅಮ್ಮನ ಹೆಸರು ಕೇಳಿ ವಾಪಸ್ ಕಳಿಸದೆ ಒಂದು ರೂಮು ಬಾಡಿಗೆಗೆ ಕೊಡುವುದು, ಅಂಗಡಿಯಲ್ಲೋ ಗ್ಯಾರೇಜಲ್ಲೋ ಹೊಲಿಗೆ ಅಂಗಡಿಯಲ್ಲೋ ಕೆಲಸ ಕಲಿಸಿ ಸರಿಯಾದ ಸಂಬಳ ಕೊಡುವುದು, ಹಬ್ಬಕ್ಕೆ ಮನೆಗೆ ಊಟಕ್ಕೆ ಕರೆಯುವುದು, ಇಷ್ಟು ಮಾಡಿದರೂ ಒಬ್ಬ ಹುಡುಗನೋ ಹುಡುಗಿಯೋ ದಡ ಸೇರ್ತಾರೆ.