ದೀನಬಂಧು ಕುದ್ಮುಲ್ ರಂಗರಾಯರು

ದಾನಗಳಲ್ಲಿ ವಿದ್ಯಾದಾನವು ಶ್ರೇಷ್ಠವೆಂದು ನಮ್ಮ ಹಿರಿಯರು ಬಗೆದಿದ್ದರು. ಆದರೆ ಆ ದಾನವನ್ನು ಸ್ವೀಕರಿಸುವ ಅವಕಾಶ ಎಲ್ಲ ಮಕ್ಕಳಿಗೂ ಇರಲಿಲ್ಲ. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಯ ಹೊಸ್ತಿಲೇ ನಿಷಿದ್ಧವಾಗಿದ್ದ ಕಾಲದಲ್ಲಿ, ಅವರಿದ್ದೆಡೆಗೆ ಶಾಲೆಯನ್ನೇ ಕೊಂಡೊಯ್ದ ಪುಣ್ಯಪುರುಷರು ಮಂಗಳೂರಿನ ಕುದ್ಮುಲ್ ರಂಗರಾಯರು.

ರಂಗರಾಯರು 1859ರಲ್ಲಿ ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಮಂಗಳೂರಿಗೆ ಬಂದು, ಮೊದಲು ಉಪಾಧ್ಯಾಯರಾಗಿ ದುಡಿದು, ಅನಂತರ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬಡವರ ಪಕ್ಷದ ವಕೀಲರೆಂದು ಹೆಸರು ಪಡೆದರು. ಬ್ರಾಹ್ಮಸಮಾಜದ ತತ್ತ್ವಗಳು ಅವರ ಮನಸ್ಸನ್ನು ಸೆಳೆದವು. ಮಾನವರೆಲ್ಲರೂ ಒಬ್ಬನೇ ದೇವರ ಮಕ್ಕಳೆಂಬ ಮಾತು ಅವರಿಗೆ ಪ್ರಾರ್ಥನಾಮಂದಿರದಲ್ಲಿ ಆಡಿ ಬಿಡುವ ಮಾತಾಗಿರಲಿಲ್ಲ.

1892ರಲ್ಲಿ ಅವರು ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಸವರ್ಣೀಯರು ಪಾಠ ಹೇಳಲು ಮುಂದೆ ಬಾರದಿದ್ದಾಗ ರಾಯರು ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಿಕೊಂಡರು. ಎದುರಾದ ವಿಘ್ನಗಳಿಗೆ ಎದೆಗುಂದದೆ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕೊಡಿಯಾಲಬೈಲಿನ ಶೇಡಿಗುಡ್ಡೆ ಅದರ ಕೇಂದ್ರವಾಯಿತು.

ಕಲಿಸುವವರು ದೊರೆತರೂ ಕಲಿಯುವವರು ದೊರೆಯುವುದು ಸುಲಭವಾಗಿರಲಿಲ್ಲ. ಕೂಲಿಯಿಂದ ಜೀವಿಸುವ ಮನೆಯಲ್ಲಿ ಮಗುವಿನ ದುಡಿಮೆಯೂ ಗಂಜಿಗೆ ಆಧಾರ. ಮಗು ಶಾಲೆಗೆ ಹೋದರೆ ಅಷ್ಟರಮಟ್ಟಿಗೆ ಒಲೆ ತಣ್ಣಗಾಗುತ್ತಿತ್ತು. ಇದನ್ನು ಅರಿತ ರಾಯರು ತಂದೆತಾಯಿಯರನ್ನು ಜರೆಯಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡಿಸಿದರು. ಮಧ್ಯಾಹ್ನದ ಊಟವನ್ನೂ ಏರ್ಪಡಿಸಿದರು. ಅಕ್ಷರದೊಡನೆ ನೇಯ್ಗೆಯಂಥ ಕಸುಬುಗಳನ್ನೂ ಕಲಿಸಿದರು. ಸರಕಾರದಿಂದ ಭೂಮಿ ಪಡೆದು ನಿರ್ಗತಿಕರಿಗೆ ನೆಲೆ ಕಲ್ಪಿಸಿದರು.

ಅವರ ನಡೆಯಲ್ಲಿ ಮನೆಗೊಂದು ನೀತಿ, ಲೋಕಕ್ಕೊಂದು ನೀತಿ ಎಂಬುದಿರಲಿಲ್ಲ. ಮಗಳು ರಾಧಾಬಾಯಿಯವರಿಗೆ ಉನ್ನತ ವಿದ್ಯಾಭ್ಯಾಸ ಮಾಡಿಸಿ, ಅನ್ಯಜಾತಿಯವರಾದ ಡಾ. ಪಿ. ಸುಬ್ಬರಾಯನ್ ಅವರೊಡನೆ ವಿವಾಹ ನೆರವೇರಿಸಿದರು. ಆಕೆ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಪ್ರತಿನಿಧಿಯಾಗಿ ಹೋದರು. ಅದನ್ನು ಕಾಣಲು ತಂದೆ ಉಳಿದಿರಲಿಲ್ಲ.

ಬಾಳಿನ ಸಂಜೆಯಲ್ಲಿ ರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ದೇಹವಿಟ್ಟರು. ತಮ್ಮ ಅಂತ್ಯಕ್ರಿಯೆಯನ್ನು ಪೌರಕಾರ್ಮಿಕ ಬಂಧುಗಳೇ ನಡೆಸಬೇಕೆಂಬುದು ಅವರ ಕಡೆಯ ಇಚ್ಛೆಯಾಗಿತ್ತು. 1934ರಲ್ಲಿ ಮಂಗಳೂರಿಗೆ ಬಂದ ಮಹಾತ್ಮಾ ಗಾಂಧೀಜಿಯವರು ಅವರ ಸೇವೆಯನ್ನು ಗೌರವದಿಂದ ಸ್ಮರಿಸಿದರು. ಇಂದು ಮಂಗಳೂರಿನ ಪುರಭವನವು ರಾಯರ ಹೆಸರನ್ನು ಹೊತ್ತು ನಿಂತಿದೆ.

ಅನ್ನದಾಸೋಹ, ಜ್ಞಾನದಾಸೋಹಗಳೆರಡನ್ನೂ ವ್ರತವಾಗಿ ನಡೆಸಿಕೊಂಡು ಬಂದಿರುವ ಶ್ರೀಮಠದ ಶಾಲೆಯ ಬಂಧುಗಳಿಗೆ ಈ ಚರಿತ್ರೆ ಪರಕೀಯವಲ್ಲ. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಎಲ್ಲ ಮಕ್ಕಳೂ ಒಳಗೆ ಬರಲಾರರು. ಬಾರದ ಮಗು ಏಕೆ ಬಾರದೆಂದು ಅದರ ಮನೆಯವರೆಗೆ ಹೋಗಿ ವಿಚಾರಿಸುವುದು ಉಪಾಧ್ಯಾಯರ ಕಾಯಕ. ಅದರ ಅಡ್ಡಿಯನ್ನು ನೀಗುವುದು ದಾನಿಗಳ ದಾಸೋಹ. ಎರಡೂ ಕೂಡಿದಲ್ಲಿ ರಂಗರಾಯರ ಸ್ಮರಣೆ ಸಾರ್ಥಕವಾಗುತ್ತದೆ.