ರೈಲಿಗೆ ಗಾಳಿ ಬ್ರೇಕ್ ಕೊಟ್ಟವರು

ರೈಲಿನ ಎರಡು ಡಬ್ಬಿಗಳ ನಡುವೆ ಜೋತಾಡುವ ರಬ್ಬರ್ ಕೊಳವೆ ನೋಡಿದ್ದೀರಾ? ನಾನು ನೀರಿನ ಪೈಪು ಅಂದ್ಕೊಂಡಿದ್ದೆ. ಅದರೊಳಗೆ ಇರೋದು ಬರೀ ಗಾಳಿ!

ಅದನ್ನು ಕಂಡುಹಿಡಿದ ಜಾರ್ಜ್ ವೆಸ್ಟಿಂಗ್‌ಹೌಸ್ 1846ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದರು. ಆಗ ರೈಲು ನಿಲ್ಲಿಸಲು ಆಳುಗಳು ಡಬ್ಬಿಯಿಂದ ಡಬ್ಬಿಗೆ ಓಡಿ ಒಂದೊಂದೇ ಬ್ರೇಕ್ ತಿರುಗಿಸಬೇಕಿತ್ತು. ಗೂಡ್ಸ್ ರೈಲಿನಲ್ಲಂತೂ ಮಳೆ, ಹಿಮದಲ್ಲೂ ಡಬ್ಬಿಯ ಮೇಲೆಯೇ ಓಟ. ಜಾರಿಬಿದ್ದು ಸತ್ತವರು ಬಹಳ. ಎರಡು ಗೂಡ್ಸ್ ರೈಲುಗಳು ಢಿಕ್ಕಿ ಹೊಡೆದಿದ್ದನ್ನು ಕಂಡ ಇವರಿಗೆ ಅದೇ ಚಿಂತೆ ಹತ್ತಿತು. ಒತ್ತಿದ ಗಾಳಿಯಿಂದ ಸುರಂಗ ಕೊರೆಯುವ ಸುದ್ದಿ ಓದಿದಾಗ ಉಪಾಯ ಹೊಳೆಯಿತು. 1869ರಲ್ಲಿ ಪೇಟೆಂಟ್ ಸಿಕ್ಕಿತು, ವಯಸ್ಸು ಬರೀ 22!

ಪಿಟ್ಸ್‌ಬರ್ಗ್‌ನ ಲೋಕಲ್ ರೈಲಿನಲ್ಲಿ ಪರೀಕ್ಷೆ. ಹಳಿಯ ಮೇಲೆ ಕುದುರೆಗಾಡಿ ಅಡ್ಡ ಬಂತು. ಚಾಲಕ ಬ್ರೇಕ್ ಹಾಕಿದ, ರೈಲು ಗಾಡಿಯ ಹತ್ತಿರ ಬಂದು ನಿಂತೇಬಿಟ್ಟಿತು.

ಆದರೆ ಪೈಪು ಹರಿದರೆ ಬ್ರೇಕೇ ಇಲ್ಲ! ಅದಕ್ಕೆ 1872ರಲ್ಲಿ ಇವರು ಲೆಕ್ಕವನ್ನೇ ತಿರುವುಮುರುವು ಮಾಡಿದರು. ಪೈಪಿನಲ್ಲಿ ಗಾಳಿ ತುಂಬಿದ್ದರೆ ಬ್ರೇಕ್ ಬಿಟ್ಟಿರುತ್ತದೆ, ಸೋರಿದರೆ ತಾನೇ ಹಿಡಿಯುತ್ತದೆ. ಡಬ್ಬಿ ಕಳಚಿಕೊಂಡರೂ ನಿಲ್ಲುತ್ತದೆ. ನನಗೆ ಇದೇ ಬಹಳ ಇಷ್ಟವಾದದ್ದು.

ಇಷ್ಟಾದರೂ ಗೂಡ್ಸ್ ರೈಲಿಗೆ ಹಾಕಿಸಲು ಕಂಪನಿಗಳು ಖರ್ಚು ನೋಡಿ ತಡಮಾಡಿದವು. ಕೊನೆಗೆ 1893ರಲ್ಲಿ ಅಮೆರಿಕ ಸರಕಾರ ಕಾನೂನೇ ಮಾಡಬೇಕಾಯ್ತು. ವೆಸ್ಟಿಂಗ್‌ಹೌಸ್ 1914ರಲ್ಲಿ ತೀರಿಕೊಂಡರು.