ಪಿ.ಟಿ. ಮೇಷ್ಟ್ರುಗಳಿಗೇ ಮೇಷ್ಟ್ರಾದ ಹ್ಯಾರಿ ಬಕ್

ನಂಜನಗೂಡು/ತಿ.ನರಸೀಪುರ: ಹೋಬಳಿ ಮಟ್ಟದ ಕ್ರೀಡಾಕೂಟ ಅಂದರೆ ಬೆಳ್ಳಂಬೆಳಗ್ಗೆಯೇ ಮೈದಾನಕ್ಕೆ ಬಂದು ಸುಣ್ಣದ ಪುಡಿಯಲ್ಲಿ ಟ್ರ್ಯಾಕ್ ಗೆರೆ ಎಳೆಯುವವರು ಒಬ್ಬರಿರುತ್ತಾರೆ. ಕೊರಳಲ್ಲಿ ವಿಷಲ್, ಕೈಯಲ್ಲಿ ಹುಡುಗರ ಹೆಸರಿನ ಪಟ್ಟಿ. ಖೋಖೋ ಕಂಬ ನೆಡಿಸೋದು, ವಾಲಿಬಾಲ್ ನೆಟ್ ಕಟ್ಟಿಸೋದು, ಬಿದ್ದ ಹುಡುಗನ ಮಂಡಿಗೆ ಔಷಧಿ ಹಚ್ಚೋದು, ಜಗಳ ಬಿಡಿಸೋದು ಎಲ್ಲ ಅವರದ್ದೇ. ಶಾಲೆಯಲ್ಲಿ ಅವರು ಪಿ.ಟಿ. ಮೇಷ್ಟ್ರು, ಕಾಲೇಜಿನಲ್ಲಿ ಪಿ.ಡಿ. ಸರ್. ಬಹುಮಾನ ಕೊಡುವ ಹೊತ್ತಿಗೆ ವೇದಿಕೆ ಮೇಲೆ ಗಣ್ಯರಿರುತ್ತಾರೆ, ಇವರು ಮಾತ್ರ ಇನ್ನೂ ಮೈದಾನದಲ್ಲೇ ಇರುತ್ತಾರೆ.

ಆಟ ಆಡಿಸೋದು ಯಾರು ಬೇಕಾದರೂ ಮಾಡುವ ಕೆಲಸ ಅಲ್ಲ, ಅದಕ್ಕೂ ಓದಬೇಕು, ತರಬೇತಿ ಬೇಕು, ಮೇಷ್ಟ್ರು ಅನ್ನೋ ಗೌರವ ಬೇಕು ಎಂದು ದಕ್ಷಿಣ ಭಾರತದಲ್ಲಿ ಮೊದಲು ಹಟ ಹಿಡಿದು ಸಾಧಿಸಿದವರು ಹ್ಯಾರಿ ಕ್ರೋ ಬಕ್. ಹುಟ್ಟಿದ್ದು ಅಮೆರಿಕದಲ್ಲಿ, ದುಡಿದದ್ದು ಮದ್ರಾಸಿನಲ್ಲಿ. ದೈಹಿಕ ಶಿಕ್ಷಣ ಓದುವವರ ಪಠ್ಯಪುಸ್ತಕದಲ್ಲಿ ಈ ಹೆಸರು ತಪ್ಪದೇ ಬರುತ್ತದೆ. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ.

ಸ್ಪ್ರಿಂಗ್‌ಫೀಲ್ಡ್‌ನ ವಿದ್ಯಾರ್ಥಿ

ಬಕ್ ಹುಟ್ಟಿದ್ದು 1884ರಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದ ಲಿವರ್‌ಪೂಲ್ ಎಂಬ ಸಣ್ಣ ಊರಿನಲ್ಲಿ. ಇಂಗ್ಲೆಂಡಿನ ಲಿವರ್‌ಪೂಲ್ ಬೇರೆ, ಇದು ಬೇರೆ. ಓದಿದ್ದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ.

ಈ ಶಾಲೆಯ ಋಣ ಮೈಸೂರು ಜಿಲ್ಲೆಯ ಹಳ್ಳಿಗಳ ಮೇಲೂ ಇದೆ. 1891ರ ಚಳಿಗಾಲದಲ್ಲಿ ಹೊರಗೆ ಹಿಮ ಬಿದ್ದು ಹುಡುಗರು ಆಡೋಕೆ ಆಗದೇ ಇದ್ದಾಗ, ಅಲ್ಲಿನ ಮೇಷ್ಟ್ರು ಜೇಮ್ಸ್ ನೈಸ್ಮಿತ್ ಬಾಲ್ಕನಿಯ ಕಂಬಿಗೆ ಹಣ್ಣಿನ ಬುಟ್ಟಿ ಹೊಡೆದು ಬ್ಯಾಸ್ಕೆಟ್‌ಬಾಲ್ ಆಟ ಕಟ್ಟಿದರು. ಅದೇ ಶಾಲೆಯಲ್ಲಿ ಓದಿದ ವಿಲಿಯಂ ಮಾರ್ಗನ್ 1895ರಲ್ಲಿ ಹತ್ತಿರದ ಹೋಲಿಯೋಕ್ ಊರಿನಲ್ಲಿ ವಾಲಿಬಾಲ್ ಶುರು ಮಾಡಿದರು. ಎರಡೂ ಆಟ ಭಾರತಕ್ಕೆ ಬಂದದ್ದು ವೈ.ಎಂ.ಸಿ.ಎ. ಮೂಲಕವೇ. ಇವತ್ತು ಸಂಜೆ ಹೊತ್ತು ಯಾವ ಹಳ್ಳಿಗೆ ಹೋದರೂ ಎರಡು ಕಂಬದ ಮಧ್ಯೆ ನೆಟ್ ಕಟ್ಟಿ ವಾಲಿಬಾಲ್ ಆಡೋ ಹುಡುಗರು ಕಾಣುತ್ತಾರೆ. ಆ ಆಟ ಬಂದ ದಾರಿಯಲ್ಲೇ ಬಕ್ ಕೂಡ ಭಾರತಕ್ಕೆ ಬಂದರು.

ಅವರು ಮದ್ರಾಸಿಗೆ ಬಂದಿಳಿದದ್ದು 1919ರಲ್ಲಿ. ವಯಸ್ಸು 35ರ ಆಸುಪಾಸು.

ಡ್ರಿಲ್ ಮಾಸ್ತರರ ಕಾಲ

ಆಗಿನ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಅಂದರೆ ಡ್ರಿಲ್. ಸೇನೆಯಿಂದ ನಿವೃತ್ತರಾದ ಸಿಪಾಯಿಗಳನ್ನು ಕರೆದು ಡ್ರಿಲ್ ಮಾಸ್ತರ್ ಕೆಲಸ ಕೊಡೋದು ವಾಡಿಕೆ. ಸಾಲಾಗಿ ನಿಲ್ಲು, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಮಕ್ಕಳಿಗೆ ಶಿಸ್ತು ಬರುತ್ತಿತ್ತೋ ಏನೋ, ಖುಷಿ ಬರುತ್ತಿರಲಿಲ್ಲ. ಮಗುವಿನ ಮೈ ಹೇಗೆ ಬೆಳೆಯುತ್ತೆ, ಯಾವ ವಯಸ್ಸಿಗೆ ಯಾವ ಆಟ ಹೊಂದುತ್ತೆ ಅನ್ನೋದನ್ನು ಆ ಮಾಸ್ತರರಿಗೆ ಯಾರೂ ಕಲಿಸಿರಲಿಲ್ಲ. ಗಣಿತದ ಮೇಷ್ಟ್ರಿಗೆ ಇದ್ದ ಸ್ಥಾನಮಾನ, ಸಂಬಳ ಅವರಿಗೆ ಇರಲಿಲ್ಲ.

ಹಾಗಂತ ಈ ನಾಡಿಗೆ ಕಸರತ್ತು ಹೊಸದೇನೂ ಆಗಿರಲಿಲ್ಲ. ಮೈಸೂರು ಸೀಮೆಯಲ್ಲಿ ಗರಡಿ ಮನೆಗಳಿದ್ದವು, ದಸರಾ ಕುಸ್ತಿ ಇತ್ತು, ಉಸ್ತಾದರಿದ್ದರು. ಮಟ್ಟಿ ಮಣ್ಣಿನಲ್ಲಿ ಸಾಮು ಮಾಡಿ ಬೆಳೆದ ಪೈಲ್ವಾನರಿದ್ದರು. ಆದರೆ ಗರಡಿಗೆ ಹೋಗುತ್ತಿದ್ದವರು ಊರಿನ ಕೆಲವೇ ಗಂಡು ಹುಡುಗರು. ಶಾಲೆಯ ಪ್ರತಿ ಮಗುವಿಗೂ ಆಟ ಸಿಗಬೇಕು ಅನ್ನೋ ಏರ್ಪಾಡು ಎಲ್ಲೂ ಇರಲಿಲ್ಲ.

ಬಕ್ ಅವರ ಎದುರು ಎರಡು ದಾರಿ ಇದ್ದವು. ಒಳ್ಳೆಯ ಓಟಗಾರರನ್ನು, ಜಿಗಿತಗಾರರನ್ನು ಆರಿಸಿ ತಯಾರು ಮಾಡಿ ಹೆಸರು ಮಾಡೋದು ಒಂದು. ಮೇಷ್ಟ್ರುಗಳನ್ನು ತಯಾರು ಮಾಡಿ ಊರೂರಿಗೆ ಕಳಿಸೋದು ಇನ್ನೊಂದು. ಮೊದಲನೆಯದರಲ್ಲಿ ಫಲ ಬೇಗ ಸಿಗುತ್ತೆ, ಪೇಪರಿನಲ್ಲಿ ಫೋಟೋ ಬರುತ್ತೆ. ಎರಡನೆಯದರ ಫಲ ಕಾಣೋಕೆ ಒಂದು ತಲೆಮಾರು ಕಾಯಬೇಕು. ಬಕ್ ಹಿಡಿದದ್ದು ಎರಡನೆಯ ದಾರಿ.

1920: ಬೆರಳೆಣಿಕೆ ಜನರ ಶಾಲೆ

1920ರಲ್ಲಿ ಬಕ್ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ತೆರೆದರು. ಸೇರಿದವರು ಬೆರಳೆಣಿಕೆಯಷ್ಟು ಜನ. ಮುಂದೆ ಕಾಲೇಜಾಗಿ ಬೆಳೆದ ಈ ಸಂಸ್ಥೆ ದೇಶದಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರುಗಳಿಗೆಂದೇ ಹುಟ್ಟಿದ ಮೊದಲ ತರಬೇತಿ ಕಾಲೇಜು ಅನ್ನಿಸಿಕೊಂಡಿದೆ. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿ ಆಗಿನ್ನೂ ನಾಲ್ಕು ವರ್ಷ. ಭಾರತ ಸರ್ಕಾರ ಗ್ವಾಲಿಯರ್‌ನಲ್ಲಿ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು ತೆರೆದದ್ದು 1957ರಲ್ಲಿ. ಅಂದರೆ ಬಕ್ ಶಾಲೆ ಹುಟ್ಟಿ 37 ವರ್ಷ ಆದ ಮೇಲೆ.

ಇಲ್ಲಿ ಬರೀ ಆಟ ಕಲಿಸುತ್ತಿರಲಿಲ್ಲ. ದೇಹರಚನೆ, ಆರೋಗ್ಯ, ಪ್ರಥಮ ಚಿಕಿತ್ಸೆ, ಮೈದಾನ ಅಳೆದು ಗೆರೆ ಹಾಕುವ ಕ್ರಮ, ಪಂದ್ಯ ನಡೆಸುವ ವಿಧಾನ, ತೀರ್ಪು ಕೊಡುವ ನಿಯಮ ಎಲ್ಲ ಪಾಠದಲ್ಲಿ ಸೇರಿದ್ದವು. ಪದವಿ ಮುಗಿಸಿದವರಿಗೆ ಒಂದು ಹಂತ, ಹೈಸ್ಕೂಲು ಮುಗಿಸಿದವರಿಗೆ ಇನ್ನೊಂದು ಹಂತ ಅಂತ ತರಬೇತಿ ಬೆಳೆಯುತ್ತಾ ಹೋಯಿತು. ಬೇರೆ ವಿಷಯದ ಮೇಷ್ಟ್ರು ಓದಿ ಸರ್ಟಿಫಿಕೇಟು ತಗೊಂಡು ಬರುವ ಹಾಗೆ ಆಟದ ಮೇಷ್ಟ್ರೂ ಓದಿ ಬರಬೇಕು ಅನ್ನೋದು ಬಕ್ ಅವರ ನಿಲುವು. ದೈಹಿಕ ಶಿಕ್ಷಕನಿಗೆ ಉಳಿದ ಶಿಕ್ಷಕರ ಸರಿಸಮಾನ ಸ್ಥಾನ ಬರೋದು ಇಲ್ಲಿಂದಲೇ ಅಂತ ಅವರು ನಂಬಿದ್ದರು.

ವೈ.ಎಂ.ಸಿ.ಎ.ಯ ಗುರುತು ಮೂರು ಮೂಲೆಯ ತ್ರಿಕೋನ: ದೇಹ, ಮನಸ್ಸು, ಆತ್ಮ. ಬಕ್ ಪಾಠ ನಿಂತದ್ದು ಇದರ ಮೇಲೆಯೇ. ಗೆಲ್ಲುವ ಹನ್ನೊಂದು ಜನಕ್ಕಿಂತ ಆಡದೆ ಉಳಿದ ಮುನ್ನೂರು ಜನ ಮುಖ್ಯ ಅನ್ನೋದು ಅದರ ಸಾರ.

ಕಾಲೇಜು ಬೆಳೆದ ಹಾಗೆ ಮದ್ರಾಸ್ ಪ್ರಾಂತ್ಯದವರಷ್ಟೇ ಅಲ್ಲ, ಮೈಸೂರು, ಹೈದರಾಬಾದ್ ಸಂಸ್ಥಾನಗಳಿಂದ, ಸಿಲೋನ್, ಬರ್ಮಾಗಳಿಂದಲೂ ವಿದ್ಯಾರ್ಥಿಗಳು ಬಂದರು. ಕಲಿತವರು ತಮ್ಮ ಊರಿಗೆ ಮರಳಿ ಶಾಲೆ, ಕಾಲೇಜುಗಳಲ್ಲಿ ಕೆಲಸಕ್ಕೆ ನಿಂತರು. ಕಾಲೇಜಿಗೆ ಫಿಸಿಕಲ್ ಡೈರೆಕ್ಟರ್ ಅನ್ನೋ ಹುದ್ದೆ ಬೇರೂರಿದ್ದು ಹೀಗೆ.

ಪ್ಯಾರಿಸ್‌ಗೆ ಹೋದ ಎಂಟು ಜನ

ಮೇಷ್ಟ್ರುಗಳನ್ನು ತಯಾರು ಮಾಡುತ್ತಲೇ ಬಕ್ ಒಲಿಂಪಿಕ್ ಕೆಲಸಕ್ಕೂ ಹೆಗಲು ಕೊಟ್ಟರು. 1920ರಲ್ಲಿ ಸರ್ ದೊರಾಬ್ಜಿ ಟಾಟಾ ಮುಂದೆ ನಿಂತು ಆರು ಜನರ ತಂಡವನ್ನು ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಕಳಿಸಿದ್ದರು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು, ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು. ಆದರೆ ದೇಶದಲ್ಲಿ ಆಟಗಾರರನ್ನು ಆರಿಸುವ ಸರಿಯಾದ ವ್ಯವಸ್ಥೆಯೇ ಇರಲಿಲ್ಲ.

1924ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಮಟ್ಟದ ಕೂಟ ನಡೆಯಿತು. ಅಲ್ಲಿ ಆರಿಸಿದ ಎಂಟು ಅಥ್ಲೀಟುಗಳು ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೊರಟರು. ಅವರ ಜೊತೆ ಹೊಣೆ ಹೊತ್ತು ಹೋದವರು ಬಕ್. ಹರ್ಡಲ್ಸ್ ಓಡುವ ಲಕ್ಷ್ಮಣನ್, ಉದ್ದ ಜಿಗಿತದ ದಲೀಪ್ ಸಿಂಗ್ ಆ ತಂಡದಲ್ಲಿದ್ದರು. ಯಾರಿಗೂ ಪದಕ ಬರಲಿಲ್ಲ. ಅಮೆರಿಕ, ಫಿನ್ಲೆಂಡ್ ದೇಶದವರ ಮುಂದೆ ಎಷ್ಟು ದೂರ ಹೋಗಬೇಕು ಅನ್ನೋದು ಮಾತ್ರ ಕಣ್ಣಿಗೆ ಕಂಡಿತು.

ಬರಿಗೈಲಿ ಬಂದರೂ ಕೆಲಸ ನಿಲ್ಲಲಿಲ್ಲ. ವೈ.ಎಂ.ಸಿ.ಎ.ಯ ಡಾ. ನೋರೆನ್ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಓಡಾಡಿ ಕ್ರೀಡಾ ಸಂಸ್ಥೆಗಳನ್ನು ಕಟ್ಟಿಸಿದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು. ಟಾಟಾ ಅಧ್ಯಕ್ಷರು, ನೋರೆನ್ ಕಾರ್ಯದರ್ಶಿ. ಅದನ್ನು ಕಟ್ಟಿದವರ ಸಾಲಿನಲ್ಲಿ ಬಕ್ ಹೆಸರೂ ಇದೆ. ಮರುವರ್ಷ, 1928ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತದ ಹಾಕಿ ತಂಡ ಚಿನ್ನ ಗೆದ್ದಿತು.

ಪರದೇಶಿ ಮೇಷ್ಟ್ರು, ದೇಸಿ ಆಟ

ಆ ಕಾಲ ಸ್ವಾತಂತ್ರ್ಯ ಹೋರಾಟದ ಕಾಲ. ಬಿಳಿಯರ ಆಟ, ಬಿಳಿಯರ ಸಂಸ್ಥೆ, ಅದರಲ್ಲೂ ಕ್ರೈಸ್ತ ಸಂಸ್ಥೆ ಅಂದರೆ ಅನುಮಾನದಿಂದ ನೋಡುವವರು ಇದ್ದೇ ಇದ್ದರು. ಪುಣೆಯ ಡೆಕ್ಕನ್ ಜಿಮ್‌ಖಾನಾ, ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದಂಥ ಸಂಸ್ಥೆಗಳು ದೇಸಿ ಕಸರತ್ತನ್ನು, ಖೋಖೋ, ಕಬಡ್ಡಿಯನ್ನು ಎತ್ತಿ ಹಿಡಿದಿದ್ದವು. ಅಮರಾವತಿಯವರು 1936ರಲ್ಲಿ ಬರ್ಲಿನ್‌ಗೇ ಹೋಗಿ ಈ ಆಟಗಳ ಪ್ರದರ್ಶನ ಕೊಟ್ಟು ಬಂದರು.

ಬಕ್ ಇದನ್ನು ಪೈಪೋಟಿ ಅಂದುಕೊಳ್ಳಲಿಲ್ಲ. ತಂದ ಆಟವನ್ನಷ್ಟೇ ಕಲಿಸಿ ಹೋಗೋಣ ಅಂತಲೂ ಕೂರಲಿಲ್ಲ. ದಂಡ, ಬೈಠಕ್, ಲಾಠಿ, ಆಸನಗಳು ಅವರ ಕಾಲೇಜಿನ ಪಾಠದೊಳಗೆ ಬಂದವು. ಬಡ ಶಾಲೆಗೆ ಬ್ಯಾಸ್ಕೆಟ್‌ಬಾಲ್ ಕಂಬ ಎಲ್ಲಿಂದ ಬರಬೇಕು? ಖೋಖೋಗಾದರೆ ಎರಡು ಕಂಬ ಸಾಕು, ಕಬಡ್ಡಿಗೆ ಒಂದು ಗೆರೆ ಸಾಕು. ಅಷ್ಟರಲ್ಲೇ ಒಂದು ತರಗತಿ ಪೂರ್ತಿ ಬೆವರು ಸುರಿಸಬಹುದು.

ಆಟಗಳ ನಿಯಮಗಳನ್ನು ಒಟ್ಟು ಸೇರಿಸಿ ಬಕ್ ಪುಸ್ತಕ ಮಾಡಿದರು. ಕೇಳೋಕೆ ಸಣ್ಣ ಕೆಲಸ. ಆದರೆ ಊರಿಗೊಂದು ನಿಯಮ ಇದ್ದಾಗ ಎರಡು ಊರಿನ ತಂಡ ಎದುರುಬದುರಾದರೆ ಮೊದಲು ಆಗೋದು ಆಟ ಅಲ್ಲ, ಜಗಳ. ಎಲ್ಲೆಡೆ ಒಂದೇ ನಿಯಮ ಬಂದ ಮೇಲೇ ಹೋಬಳಿಯಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ ಅಂತ ಪಂದ್ಯ ನಡೆಸೋಕೆ ಸಾಧ್ಯ. ಮೇಷ್ಟ್ರುಗಳು ಓದಿಕೊಳ್ಳಲಿ ಅಂತ ಕಾಲೇಜಿನಿಂದ ವ್ಯಾಯಾಮ್ ಎಂಬ ಪತ್ರಿಕೆಯನ್ನೂ ಹೊರಡಿಸಿದರು. ತರಬೇತಿ ಮುಗಿಸಿ ದೂರದ ಊರಿನಲ್ಲಿ ಒಬ್ಬನೇ ಕೆಲಸ ಮಾಡುವ ಮೇಷ್ಟ್ರಿಗೆ ಹೊಸ ವಿಷಯ ತಲುಪಿಸುವ ದಾರಿ ಅದು.

ಅಡ್ಯಾರ್ ನದಿ ದಡದ ಕಾಲೇಜು

ಹಲವು ವರ್ಷದ ಓಡಾಟದ ನಂತರ ಕಾಲೇಜಿಗೆ ಸೈದಾಪೇಟೆ ಬಳಿ, ಅಡ್ಯಾರ್ ನದಿಯ ದಡದಲ್ಲಿ ವಿಶಾಲ ಜಾಗ ಸಿಕ್ಕಿತು. ಟ್ರ್ಯಾಕು, ಆಟದ ಅಂಕಣಗಳು, ಹಾಸ್ಟೆಲು ಎಲ್ಲ ಒಂದೇ ಕಡೆ ಬಂದವು. ಇವತ್ತಿಗೂ ಚೆನ್ನೈನ ನಂದನಂ ಕಡೆ ಹೋದವರಿಗೆ ಆ ಮರಗಳ ನಡುವಿನ ಕಾಲೇಜು ಕಾಣುತ್ತದೆ. 1940ರಲ್ಲಿ ಹೆಣ್ಣುಮಕ್ಕಳಿಗೂ ಅದರ ಬಾಗಿಲು ತೆರೆಯಿತು. ಹೆಣ್ಣುಮಕ್ಕಳು ಮೈದಾನಕ್ಕೆ ಇಳಿಯಬೇಕಾದರೆ ಕಲಿಸುವ ಟೀಚರಮ್ಮ ಮೊದಲು ಬೇಕಲ್ಲ!

1943ರಲ್ಲಿ, 58ರ ವಯಸ್ಸಿನಲ್ಲಿ, ಬಕ್ ತೀರಿಕೊಂಡರು. ಸ್ವಾತಂತ್ರ್ಯ ಬರೋಕೆ ಇನ್ನೂ ನಾಲ್ಕು ವರ್ಷ ಇತ್ತು. ಭಾರತಕ್ಕೆ ಬಂದ ಮೇಲಿನ ಇಪ್ಪತ್ತನಾಲ್ಕು ವರ್ಷವನ್ನು ಅವರು ಇದೊಂದೇ ಕೆಲಸಕ್ಕೆ ಕೊಟ್ಟಿದ್ದರು. ಅವರು ಪದಕ ತಂದುಕೊಟ್ಟ ಕೋಚ್ ಅಲ್ಲ. ಬಿಟ್ಟುಹೋದದ್ದು ಒಂದು ಕಾಲೇಜು, ಒಂದಿಷ್ಟು ಪುಸ್ತಕ, ಊರೂರಲ್ಲಿ ಹಂಚಿಹೋದ ಮೇಷ್ಟ್ರುಗಳು. ಆ ಮೇಷ್ಟ್ರುಗಳು ಮತ್ತೆ ಮೇಷ್ಟ್ರುಗಳನ್ನು ತಯಾರು ಮಾಡಿದರು. ಮುಂದೆ ಕರ್ನಾಟಕದಲ್ಲೇ ದೈಹಿಕ ಶಿಕ್ಷಣ ಕಾಲೇಜುಗಳು ಬಂದವು, ಮದ್ರಾಸಿಗೆ ಹೋಗಬೇಕಾದ ಅಗತ್ಯ ಉಳಿಯಲಿಲ್ಲ.

ಕುರುಬೂರಿನ ಖೋಖೋ

ಚಾಂಪಿಯನ್ನರನ್ನು ಹುಡುಕುವ ಮೊದಲು ಎಲ್ಲ ಮಕ್ಕಳನ್ನೂ ಆಡಿಸಿ ಅನ್ನೋ ಬಕ್ ಲೆಕ್ಕ ಸರಿಯಿತ್ತಾ? ಉತ್ತರ ಹುಡುಕೋಕೆ ಚೆನ್ನೈವರೆಗೆ ಹೋಗಬೇಕಿಲ್ಲ. ತಿ.ನರಸೀಪುರ ತಾಲ್ಲೂಕಿನ ಕುರುಬೂರಿಗೆ ಹೋದರೆ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್‌ನಲ್ಲಿ ಭಾರತದ ವನಿತೆಯರು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಕುರುಬೂರಿನವರು, ಫೈನಲ್ ಪಂದ್ಯದ ಶ್ರೇಷ್ಠ ಆಟಗಾರ್ತಿಯೂ ಅವರೇ. ದೊಡ್ಡ ಊರಿನ ಅಕಾಡೆಮಿಯಲ್ಲಲ್ಲ, ಹಳ್ಳಿಯ ಶಾಲಾ ಮೈದಾನದಲ್ಲಿ ಆಟ ಹತ್ತಿಸಿಕೊಂಡವರು.

ಹಾಗೆ ಒಬ್ಬರು ಮೇಲೆ ಬರಬೇಕಾದರೆ ಆ ಮೈದಾನದಲ್ಲಿ ದಿನಾ ಸಂಜೆ ಹತ್ತಾರು ಮಕ್ಕಳು ಓಡಿರಬೇಕು. ಅವರನ್ನು ಓಡಿಸೋಕೆ ಒಬ್ಬ ಮೇಷ್ಟ್ರು ಇರಬೇಕು. ಪಿ.ಟಿ. ಮೇಷ್ಟ್ರು ನಿವೃತ್ತರಾದ ಶಾಲೆಯಲ್ಲಿ ಆ ಜಾಗ ಖಾಲಿ ಬಿದ್ದರೆ, ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೋ ಇಂಗ್ಲಿಷಿಗೋ ಕೊಟ್ಟುಬಿಟ್ಟರೆ, ಮೈದಾನದಲ್ಲಿ ಕಟ್ಟಡ ಎದ್ದರೆ ಹೋಗೋದು ಬರೀ ಒಂದು ಪೀರಿಯಡ್ ಅಲ್ಲ. ಮುಂದೆ ಯಾವ ಊರಿನಿಂದ ಯಾವ ಹುಡುಗಿ ಬರಬಹುದಿತ್ತೋ, ಆ ದಾರಿಯೇ ಮುಚ್ಚಿಹೋಗುತ್ತದೆ. ನೂರು ವರ್ಷದ ಹಿಂದೆ ಬಕ್ ಮೇಷ್ಟ್ರುಗಳಿಂದ ಶುರು ಮಾಡಿದ್ದು ಇದನ್ನು ತಿಳಿದೇ.